ಅಕ್ಷರಕ್ಕೆ ಇಷ್ಟು

ಕಲ್ಲು ಕೆತ್ತುವ ಎಲಿಸೆಯೊನ ರೇಟು, ಅಕ್ಷರಕ್ಕೆ ಇಷ್ಟು ಅಂತ.
ಮೊಂತೆವಿದೆಯೊದ ಸ್ಮಶಾನದ ಗೇಟಿನೆದುರು
ಬಿಳಿ ಪುಡಿ ಮೆತ್ತಿದ ಹುಬ್ಬೆತ್ತಿ ಕೇಳಿದ:
ವಾಹ್ರಾಮ್ ಅನ್ನುವುದು ಸರಿಯಮ್ಮ,
ಮನೆತನದ ಹೆಸರು ಯಾವುದು ಕೊರೆಯಲಿ?
ನೀನು ತಂದ ಮೂರು ಕಾಗದದಲ್ಲಿ
ಮೂರು ಜನ ಸತ್ತಿದ್ದಾರೆ.

ಜನನಪತ್ರದಲ್ಲಿ ಅಪ್ಪ ಕಾಲಹಾನ್.
ಬಂದರಿನ ಗುಮಾಸ್ತ ಅಜ್ಜನ ಫ್ರೆಂಚ್ ಚೀಟಿ ಓದಿಕೊಂಡದ್ದು ಹಾಗೆ.
ಚೀಟಿಯಲ್ಲಿ ಇದ್ದದ್ದು ಕಲಾಜಾನ್;
ಆ ದಡದ ಜಕಾರ ಈ ದಡದಲ್ಲಿ ಹಕಾರ.
ಹಡಗಿನಲ್ಲಿ ಇಪ್ಪತ್ತೊಂದು ದಿನ ವಾಂತಿ ಮಾಡಿದ ಅಕ್ಷರ
ಇಳಿದದ್ದೇ ಉಸ್ಸೆಂದು ಉಸಿರು ಬಿಟ್ಟಿತು.

ಕಾಲಹಾನ್ ಅಂದರೆ ಐರಿಷರೇ ಇರಬೇಕು, ಅಂದಿತು ಬೀದಿ.
ಮಾರ್ಚಿಯಲ್ಲಿ ಒಂದು ದಿನ ಶಾಲೆಯ ಪಾದ್ರಿ
ಅಪ್ಪನ ತೋಳಿಗೆ ಹಸಿರು ರಿಬ್ಬನ್ ಕಟ್ಟುವನು.
ಕೂಡುಹುಬ್ಬಿನ, ಗಿಡುಗಮೂಗಿನ ಐರಿಷ್ ಹುಡುಗ!
ಮನೆಗೆ ಬಂದರೆ ಅಜ್ಜಿ ಝರುಹಿ ಅದನ್ನು ಬಿಚ್ಚಿ
ಸೂಜಿಡಬ್ಬಿಯಲ್ಲಿ ಮಡಚಿಡುವಳು.
ಒಳ್ಳೆ ರೇಷ್ಮೆ, ದಂಡ ಮಾಡಬಾರದು, ಅಷ್ಟೆ.

ಮದುವೆಗಳಲ್ಲಿ ಅಪ್ಪನಿಗೆ ಬರುತ್ತಿದ್ದದ್ದು ಒಂದೇ ಕುಣಿತ:
ಕುರ್ಚಿಯ ಬೆನ್ನು ಹಿಡಿದು, ಹಿಮ್ಮಡಿ ಊರಿ,
ಸೊಂಟದ ಕೆಳಗೆ ಅತ್ತ ಇತ್ತ, ಅತ್ತ ಇತ್ತ,
ಮೇಲಿನ ಅರ್ಧಕ್ಕೆ ಸುದ್ದಿಯೇ ತಲುಪದ ಹಾಗೆ.
ನಿಮ್ಮ ಐರಿಷ್ ಕುಣಿತ ಚಂದ, ಅನ್ನುವರು ಬೀಗರು.
ಅಪ್ಪ ತಿದ್ದಲಿಲ್ಲ. ಅವನಿಗೇನು ಗೊತ್ತಿತ್ತು?
ಅಜ್ಜ ಕುಡಿದಾಗ ಅಡಿಗೆಮನೆಯಲ್ಲಿ ಹೀಗೇ ತಿರುಗುತ್ತಿದ್ದ.

ಕಲಾಜಾನನ ಜಾಡು ಹಿಡಿದು ಮಾರ್ಸೇಲ್ಸಿಗೆ ಹೋದೆ.
ಸಾಬೂನಿನ ಅಂಗಡಿಯ ಸೋಲಾಂಜ್, ವರಸೆಯಲ್ಲಿ ಅಕ್ಕ.
ನಮ್ಮದು ಈಗ ಬರೀ ಜಾನ್, ಅಂದಳು,
ತಾತ ಮುಂದಿನ ತುಂಡು ಕತ್ತರಿಸಿಬಿಟ್ಟ,
ಪೂರ್ತಿ ಹೇಳಿದರೆ ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲವಂತೆ.
ಅನ್ನುತ್ತಲೇ ತಂತಿಯಿಂದ ಸಾಬೂನು ಕೊಯ್ದಳು,
ಒಂದೇ ಎಳೆತ, ತೂಕಕ್ಕೆ ಸರಿಯಾಗಿ.

ಅಲೆಪ್ಪೊದ ಅನಾಥಾಲಯದ ಪುಸ್ತಕ ಈಗ
ಇನ್ನಾವುದೋ ದೇಶದ ಕಪಾಟಿನಲ್ಲಿದೆ.
ನನಗೆ ದಕ್ಕಿದ್ದು ಒಂದು ಪುಟದ ಫೋಟೊ,
ಯಾವಳೋ ದಾದಿಯ ಬಾಗಿದ ಬರಹ:
*ಸಂಖ್ಯೆ ೨೧೭. ಮಿಹ್ರಾನ್. ಏಳೋ ಎಂಟೋ ವರ್ಷ.
ತಂದೆಯ ಹೆಸರು: ನೆನಪಿಲ್ಲ.
ಕಸುಬು ಕೇಳಿದರೆ ಎದ್ದು ನಿಂತು ಸೊಂಟ ತಿರುಗಿಸಿ ತೋರಿಸಿದ.
ಕಲಾಯಿಯವನ ಮಗನಿರಬೇಕು. ಕಲಾಯ್ಜ್ಯಾನ್ ಎಂದು ಬರೆದಿದೆ.
ಸಂಖ್ಯೆ ೨೧೮. ಮಾತಾಡುವುದಿಲ್ಲ.
ಹಿಂದಿನವನನ್ನು ನೋಡಿ ಹಾಗೇ ಮಾಡಿದ. ಅದೇ ಹೆಸರು.*

೨೧೮ ಸೋಲಾಂಜಳ ತಾತ.
ರಕ್ತವಲ್ಲ, ಸಾಲಿನಲ್ಲಿ ನಿಂತ ಸಂಬಂಧ.
ಅವಳಿಗೆ ಇನ್ನೂ ಬರೆದಿಲ್ಲ.

ಆ ಪುಟದ ಆಚೆಗೆ ಹೆಸರಿಲ್ಲ. ಆದರೂ ಐಂತಾಬಿಗೆ ಹೋದೆ.
ತಾಮ್ರದವರ ಬೀದಿಯ ತುದಿಯಲ್ಲಿ ಒಂದು ಕೊಪ್ಪರಿಗೆ,
ಅದರೊಳಗೆ ಮರಳು, ಮರಳ ಮೇಲೆ ಗೋಣಿ,
ಗೋಣಿಯ ಮೇಲೆ ಬರಿಗಾಲ ಮುದುಕ.
ಗೋಡೆಯ ಸರಳು ಹಿಡಿದು, ಹಿಮ್ಮಡಿ ಊರಿ,
ಅತ್ತ ಇತ್ತ, ಅತ್ತ ಇತ್ತ,
ಕಿಲುಬು ಉಜ್ಜುತ್ತಿದ್ದ.

ಅಪ್ಪಾ,
ಅಂದೆನೇನೋ. ಅವನು ತಿರುಗಲಿಲ್ಲ.
ಆಮೇಲೆ ಬೆಂಕಿ, ನವಸಾಗರದ ಬಿಳಿ ಹೊಗೆ,
ಹತ್ತಿಯ ಉಂಡೆಯಲ್ಲಿ ಒಂದೇ ಬೀಸು:
ಕೆಂಪು ಹೊಟ್ಟೆಯ ತುಂಬ ತವರ ಬೆಳಕು.
ಕಣ್ಣೊರೆಸಿಕೊಂಡೆ. ಹೊಗೆ ಎಲ್ಲರಿಗೂ ಹಾಗೇ, ಎಂದು ಕೈಸನ್ನೆ ಮಾಡಿ
ಚಹಾ ತರಿಸಿದ, ಹೆಸರು ಕೇಳಿದ.
ಕಾಲಹಾನ್, ಅಂದೆ.
ಐರ್ಲೆಂಡ್? ಅಂದ.
ಆ ಊರಿನಲ್ಲಿ, ಆ ಬೀದಿಯಲ್ಲಿ ಕೂತು
ಹೂಂ, ಅಂದೆ.

ಎಲಿಸೆಯೊ, ವಾಹ್ರಾಮ್ ಒಂದೇ ಸಾಕು.
ಬೆರಳು ಮಡಚಿ ಎಣಿಸಿದ: ನನ್ನ ಲಿಪಿಯಲ್ಲಿ ಆರು.
ಮತ್ತೆ ಈ ಕೆಳಗಿನ ಖಾಲಿ?
ಮರಳು ಹಾಕಿ ಚೆನ್ನಾಗಿ ಉಜ್ಜಿಬಿಡು, ಹೊಳೆಯುವ ಹಾಗೆ.
ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ.
ಉಜ್ಜುವುದಕ್ಕೆ ಬೇರೆ ರೇಟಮ್ಮ, ಅಂದ,
ಅಕ್ಷರಕ್ಕಿಂತ ಜಾಸ್ತಿ.