ಒಂದು ಮನೆ ಕೆಳಗೆ

ಈ ದಾರಿಯಲ್ಲಿ ನಾನೂರ ಹನ್ನೊಂದು ಡಬ್ಬಿ.
ಇಪ್ಪತ್ತೆರಡು ವರ್ಷದಿಂದ ಅಂಚೆ ಹಾಕುತ್ತಿದ್ದೇನೆ.
ಯಾರ ಮನೆಗೆ ಕೋರ್ಟಿನ ಕಾಗದ, ಯಾರಿಗೆ ಔಷಧಿ,
ಯಾರ ಗಂಡ ಬೇರೆ ವಿಳಾಸ ಮಾಡಿಕೊಂಡ,
ಎಲ್ಲ ಗೊತ್ತು. ಬಾಯಿ ಬಿಡುವುದಿಲ್ಲ.
ಸಂಬಳದಲ್ಲಿ ಅರ್ಧ ಅದಕ್ಕೇ.

ಲಿಂಡ್‌ಸ್ಕೋವ್ ಮನೆಯ ಡಬ್ಬಿ
ಬೀಟ್ ಹೊಲದ ತಿರುವಿನಲ್ಲಿದೆ, ಮುಚ್ಚಳದ ತಿರುಪು ಸಡಿಲ.
ವರ್ಷವಿಡೀ ಅಲ್ಲಿಗೆ ಕರೆಂಟ್ ಬಿಲ್ಲು, ಬೀಜದ ಕ್ಯಾಟಲಾಗು,
ಕ್ರಿಸ್‌ಮಸ್ಸಿಗೆ ಡೆನ್ಮಾರ್ಕಿನಿಂದ ಒಂದು ಕಾರ್ಡು.
ಆ ಜನವರಿಯಲ್ಲಿ ಇದ್ದಕ್ಕಿದ್ದಂತೆ
ದಿನಕ್ಕೆ ಏಳು, ಒಂಬತ್ತು, ಒಂದು ಸೋಮವಾರ ಹದಿನಾಲ್ಕು:
ಹೊಳಪು ಕಾಗದ, ಕೆಂಪೆಲೆಯ ಮರದಡಿ ನಗುವ ಹುಡುಗರು,
ನೆಬ್ರಾಸ್ಕಾವನ್ನು ಕಂಡೇ ಇರದ ಗಡಿಯಾರ ಗೋಪುರಗಳು,
ಎಲ್ಲದರ ಮೇಲೂ
ಒರ್ಮಾ ಲಿಂಡ್‌ಸ್ಕೋವ್.

ಆ ಮನೆಯಲ್ಲಿ ಒರ್ಮಾ ಎಂಬುವಳಿಲ್ಲ.
ಇರುವವಳು ಒರ್ಲಾ, ಹದಿನಾರು.
ಅವಳು ಹುಟ್ಟಿದಾಗ ಬಂದ ಹಾರೈಕೆಗಳನ್ನೂ ನಾನೇ ಹಾಕಿದ್ದೆ.

ಅವಳ ಅಮ್ಮ ಗ್ವೆನ್, ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ,
ನೈಟಿಯ ಮೇಲೆ ಕೋಟು ಎಳೆದುಕೊಂಡು ರಸ್ತೆಗೇ ಬಂದಳು.
"ಯಾರು ಹೇಳಿದ್ದು ಇವರಿಗೆ? ನಮ್ಮ ರಸ್ತೆ, ನಮ್ಮ ನಂಬರು,
ಅವಳು ಜೀವಶಾಸ್ತ್ರ ಓದಬೇಕು ಅಂದುಕೊಂಡಿರೋದು?
ನನಗೇ ಹೇಳಿಲ್ಲ ಅದನ್ನ.
ನೀನಾ?"
ನಾನಲ್ಲ ಅಂದೆ. ಉಪ್ಪೆರಚಿದ ಹಿಮದಲ್ಲಿ ನಿಂತು
ಇಬ್ಬರೂ ತಿರುವಿ ಹಾಕಿದೆವು: ಒರ್ಮಾ, ಒರ್ಮಾ, ಒರ್ಮಾ.

ಪತ್ತೆ ಹಚ್ಚಿದವಳು ಹುಡುಗಿಯೇ.
ಅಕ್ಟೋಬರಿನ ಶನಿವಾರ, ಶಾಲೆಯ ಜಿಮ್, ನೆಲದಲ್ಲಿ ಬೂಟಿನ ಕೆಸರು.
ಹೆಸರಿನ ಒಂದೊಂದು ಅಕ್ಷರಕ್ಕೂ ಉದ್ದಸಾಲು ಗುಂಡು ಮನೆಗಳು.
ಎಲ್ ತುಂಬಬೇಕಾದಲ್ಲಿ
ಪೆನ್ಸಿಲು ಒಂದು ಮನೆ ಕೆಳಗೆ ಜಾರಿತ್ತು.
ಇಡೀ ಲೋಕದಲ್ಲಿ ಅವಳು ಒರ್ಮಾ ಆದದ್ದು
ಅದೊಂದೇ ಹಾಳೆಯಲ್ಲಿ.

ಅದೇ ಹಾಳೆಯ ಬೆನ್ನಿಗೆ ಕೇಳಿದ್ದರಂತೆ,
ಮುಂದೇನು ಓದುತ್ತೀ, ಅಪ್ಪ ಅಮ್ಮ ಎಲ್ಲಿಯತನಕ ಓದಿದರು,
ಕಾಲೇಜುಗಳಿಗೆ ನಿನ್ನ ವಿಷಯ ತಿಳಿಸೋಣವೆ?
ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ.
ಬಿಟ್ಟರೆ ಅಂಕ ಹೋದೀತೆಂದು
ಹೌದು ಎಂದಳು, ಗೀಟು ದಾಟದಂತೆ ಕಪ್ಪು ತುಂಬಿದಳು.

ಹೆಸರಿಗೆ ಅರ್ಧ ಡಾಲರೂ ಇಲ್ಲವಂತೆ,
ಕಾಸಿಗೊಂದು ಕೊಸರಿಗೆರಡು.
ಈ ಜಿಪ್ ಕೋಡು, ಈ ಅಂಕದಿಂದ ಆ ಅಂಕದವರೆಗೆ,
ಜೀವಶಾಸ್ತ್ರದ ಹುಡುಗಿಯರು, ಸಾವಿರ ಕಳಿಸಿ.
ಗ್ವೆನ್ ಅಂದಳು:
"ಬೀಟ್ ತೂಗಿದರೂ ಕೈಗೊಂದು ಚೀಟಿ ಕೊಡ್ತಾರೆ."

ಒರ್ಮಾಳಿಗೆ ಆ ಮನೆಯಲ್ಲಿ ಮೊದಲು ಒಂದು ಡ್ರಾಯರು,
ಆಮೇಲೆ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ.
ತಟ್ಟೆ ತೊಳೆಯುವ ಸರದಿ ಬಂದರೆ ಒರ್ಲಾ ಅನ್ನುತ್ತಿದ್ದಳಂತೆ,
ಇವತ್ತು ಒರ್ಮಾಳದ್ದು.
ನಿನ್ನಲ್ಲೇನೋ ವಿಶೇಷ ಕಂಡಿದ್ದೇವೆ ಎಂದು
ಸಮುದ್ರದ ಪಕ್ಕದ ಕಾಲೇಜೊಂದು ಆರು ಸಲ ಬರೆಯಿತು.
ಆರನೆಯದರ ಕೆಳಗೆ ನೀಲಿ ಸಹಿ.
ಬೆರಳು ಒದ್ದೆ ಮಾಡಿ ಉಜ್ಜಿದಳು. ಅಳಿಸಲಿಲ್ಲ.
ಅವಳ ಮುಖ ಅರಳಿತು.
ನಿಜದ ಶಾಯಿ ಅಳಿಸುತ್ತದೆ ಎಂದು ನಾನು ಹೇಳಲಿಲ್ಲ.

ಮರುವರ್ಷ ಅಲ್ಲಿಗೇ ಅರ್ಜಿ ಹಾಕಿದಳು, ತನ್ನದೇ ಹೆಸರಲ್ಲಿ,
ಎಲ್ ಅನ್ನು ಮೂರು ಸಲ ನೋಡಿ.

ಮಾರ್ಚಿನ ಕೊನೆ. ಗಾಳಿ. ಒಂದೇ ಲಕೋಟೆ.
ತೂಕವನ್ನು ಓದಲು ಬರುತ್ತದೆ ನಮಗೆ;
ಅದರಲ್ಲಿ ಒಂದು ಹಾಳೆ, ಅದೂ ಪೂರ್ತಿ ತುಂಬಿರಲಿಕ್ಕಿಲ್ಲ.
ಮೇಲೆ, ಮೊದಲ ಸಲ, ಒಂದಕ್ಷರ ತಪ್ಪದೆ
ಒರ್ಲಾ ಲಿಂಡ್‌ಸ್ಕೋವ್.
ಊಟಕ್ಕೆ ಕರೆದದ್ದು ಅವಳನ್ನು,
ಕದ ಹಾಕಿದ್ದು ಇವಳ ಮುಖಕ್ಕೆ.

ಅದೇ ವಾರ ಅದೇ ಗೋಪುರದಿಂದ ಏಳನೆಯದು ಬಂತು:
ಪ್ರಿಯ ಒರ್ಮಾ, ಇನ್ನೂ ತಡವಾಗಿಲ್ಲ.
ವಿಳಾಸ ಸರಿಯಿತ್ತು. ಹಾಕಿದೆ.

ಮರುದಿನ ಡಬ್ಬಿಯ ಕೆಂಪು ಬಾವುಟ ಎತ್ತಿತ್ತು.
ಒಳಗೆ ಅದೇ ಕಾಗದ, ಹೆಸರಿನ ಮೇಲೆ ಪೆನ್ಸಿಲಿನ ಗೀಟು:
ಇಂಥವರು ಇಲ್ಲಿಲ್ಲ.
ಈ ದರದ ಅಂಚೆ ಹಿಂದಕ್ಕೆ ಹೋಗುವುದಿಲ್ಲ,
ಕಚೇರಿಯ ಹಿಂದಿನ ಬುಟ್ಟಿಗೆ ಹೋಗುತ್ತದೆ.
ಬಾವುಟ ಇಳಿಸಿದೆ. ತೆಗೆದುಕೊಂಡೆ.