ಎಲಿ ಮಲಗೂ ಹೊತ್ತು

ಧಾರವಾಡದ ನರ್ಸರಿಯಾಗ ನೂರಾ ಎಂಬತ್ತು ರೂಪಾಯಿ.
"ಕ್ಯಾಲೇಥಿಯಾರಿ ಅಕ್ಕಾರ, ಭಾಳ ನಾಜೂಕು," ಅಂದ ಹುಡುಗ.
"ಬಿಸಲು ಆಗೂದಿಲ್ಲ, ಒಣಾ ಗಾಳಿ ಆಗೂದಿಲ್ಲ,
ನೀರ ಹೆಚ್ಚಾದ್ರ ಕೊಳೀತೈತಿ, ಕಡಿಮಿ ಆದ್ರ ಸುರುಳಿ ಸುತ್ತತೈತಿ."
ಇಂಥಾ ಪೇಷಂಟ್ ನಾ ಕಂಡಿಲ್ಲೇನ
ಅಂತ ಎತಗೊಂಡ ಬಂದೆ, ಉಣಕಲ್ಲಿಗೆ,
ಬಸ್ಸಿನಾಗ ತೊಡಿಮ್ಯಾಲೆ ಇಟಗೊಂಡು.

ಅಪ್ಪ ಅಣ್ಣಿಗೇರಿಯಿಂದ ಚೀಲ ತುಂಬ ಎರಿಮಣ್ಣು ತಂದ.
"ಕಡ್ಲಿ ಬೆಳಿಯೂ ಮಣ್ಣವಾ, ಎರಡ ಎಲಿ ಬರೂದಿಲ್ಲೇನ?"
ಹದಿನೈದ ದಿನಕ್ಕ ಕುಂಡದಾಗ ಮಣ್ಣ ಬಿಗದು
ಬೇರಿನ ಉಸಿರ ಕಟ್ಟಿತು, ಬುಡ ಮೆತ್ತಗಾತು.
ಅಪ್ಪ ಊರಿಗೆ ಹೋಗೂತನಾ ತಡದು,
ಕತ್ರಿ ಸ್ಪಿರಿಟ್‌ನಾಗ ಒರಸಿ ಕೊಳತದ್ದು ತಗದು,
ತೆಂಗಿನ ನಾರಿನ ಪುಡಿ, ಇದ್ದಲಿ ಚೂರು, ಒಂದ ಹಿಡಿ ಮರಳು.
ಎರಿಮಣ್ಣು ಚೆಲ್ಲಿಲ್ಲ ಮತ್ತ. ಕರಿಬೇವಿಗೆ ಹಾಕೀನಿ.

ನೀರಿಂದು ಬ್ಯಾರೇನ ಕತಿ.
ನಳ ಬರೂದು ಎಂಟ ದಿನಕ್ಕೊಮ್ಮೆ, ನಡುವ ಬೋರಿನ ಸವಳು.
ಎಲಿ ಅಂಚು ಕಂದಾತು, ಹೊತ್ತಿದ ರೊಟ್ಟಿ ಅಂಚಿನಂಗ.
ಆವಾಗ ಕಂಡದ್ದು ವಾರ್ಡಿನ ಕಿಡಕಿಗೆ ಎಸಿ ಪೈಪು,
ಇಡೀ ರಾತ್ರಿ ಟಪ್, ಟಪ್,
ಉಪ್ಪಿಲ್ಲದ್ದು, ಸುಣ್ಣಿಲ್ಲದ್ದು, ಯಾರಿಗೂ ಬ್ಯಾಡಾದ್ದು.
ಒಂದ ಬಾಟ್ಲಿ ಕಟ್ಟಿದೆ. ಸಲೈನ್ ಬಾಟ್ಲಿ ಅಲ್ಲ,
ಅದರ ಲೆಕ್ಕಾ ಕೊಡಬೇಕು.

ಹದಿನಾಕನೇ ಕಾಟಿನ ಫಕೀರವ್ವ, ಸಂಶಿಯಾಕಿ:
"ಏನ ಔಷಧವಾ ಅದು, ಹನಿ ಹನಿ ಹಿಡೀತಿ?"
"ಔಷಧ ಅಲ್ಲ ಯವ್ವಾ. ಮನಿಯಾಗ ಒಂದ ಗಿಡ ಐತಿ."
"ಹೂವಿಂದೋ, ಕಾಯಿದೋ?"
"ಬರೇ ಎಲಿ."
ಒಂದ ಗಳಿಗಿ ಸುಮ್ಮನಿದ್ದು, "ಪಲ್ಯಾಕೂ ಬರೂದಿಲ್ಲೇನ?"
ನಗಾಕ ಹೋಗಿ ಹೊಲಿಗಿ ಜಗ್ಗಿ
"ಯವ್ವಾ ಯವ್ವಾ" ಅಂತ ಹೊಟ್ಟಿ ಹಿಡಕೊಂಡ್ಲು.
ಮುಂದ ರಾತ್ರಿ ಮೂರಕ್ಕ ಎದ್ದು ಅಕೀನ ಕೂಗಾಕಿ:
"ತುಂಬೇತಿ ನೋಡವಾ, ಚೆಲ್ಲಾಕತ್ತೈತಿ!"

ನಾ ರಜಾದಾಗಿದ್ದ ಶನಿವಾರ ಡಿಸ್ಚಾರ್ಜ್ ಆಗ್ಯಾಳ.
ಬಾಟ್ಲಿ ಬಾಯಿಗೆ ಸೀರಿ ಚೂರು ಕಟ್ಟಿ ಹೋಗ್ಯಾಳ,
ಹುಬ್ಬಳ್ಳಿ ಧೂಳು ಬೀಳಬಾರದಂತ.
ಗಂಟ ನಾ ಇನ್ನೂ ಬಿಚ್ಚಿಲ್ಲ.
ಬಾಟ್ಲಿ ಪಕ್ಕಕ್ಕ ಸೂಜಿಲೆ ತೂತ ಮಾಡಿ ಹಾಕೂದು.

ಸಿಂಚನಾಗ ಏಳು ವರ್ಷ.
"ಅವ್ವಾ, ರಾತ್ರಿ ಅದು ಎಲ್ಲಾ ಎಲಿ ಎತ್ತಿ ನಿಲ್ಲತೈತಿ."
"ಸುಳ್ಳ," ಅಂದೆ. ನಾ ಮುಂಜಾನೆ ಎಂಟಕ್ಕ ಬಂದ್ರ
ತಾಟ ಹಾಸಿಧಂಗ ಹಾಸಿರತಾವು.
"ನಿನಗೇನ ಗೊತ್ತ? ನೀ ಇರೂದಿಲ್ಲಲಾ."
ಸಿಟ್ಟೂ ಇಲ್ಲ ದನಿಯಾಗ. ಪಾಟಿ ಒರಸಕೋತ ಅಂದ್ಲು.

ಈ ತಿಂಗಳ ಪಾಳಿ ಬದಲಾತು.
ಗಿಡದ ಮುಂದ ಮಣಿ ಹಾಕಿ ಕುಂತೆ.
ಏಳಕ್ಕ ಏನಿಲ್ಲ. ಎಂಟಕ್ಕ
ಒಂದ ತೊಟ್ಟು ಅಲಗಿಧಂಗಾತು; ಅಲಗಲಿಲ್ಲೋ ಏನೋ.
ಹಾಲ ಕಾಸಿ ಬರೂದರಾಗ
ಏಳೂದು ಕಾಣಲಿಲ್ಲ, ಎದ್ದದ್ದು ಕಂಡಿತು:
ಒಂಬತ್ತೂ ಎಲಿ ನೆಟ್ಟಗ, ಬೆನ್ನ ತೋರಿಸಿ,
ಬೆನ್ನಿಗೆ ಬದನಿಕಾಯಿ ಬಣ್ಣ.

ಬ್ಯಾಟರಿ ಬೆಳಕಿಗೆ ಅಂಗೈ ಮುಚ್ಚಿದೆ,
ವಾರ್ಡಿನಾಗ ಮುಚ್ಚಿಧಂಗ.
ತೊಟ್ಟು ಎಲಿ ಕೂಡೂ ಕಡೆ ಒಂದ ಸಣ್ಣ ಗೆಣ್ಣು,
ಮಣಿಕಟ್ಟಿನಂಥಾದ್ದು. ಎರಡ ಬೆರಳ ಇಟ್ಟೆ.
ಗಡಿಯಾರನೂ ನೋಡಿದೆ, ರೂಢಿ.

ಹಿಂದಿನಿಂದ, ಅರೆನಿದ್ದಿಯಾಗ:
"ನೋಡಿದೇನ?"
"ನೋಡಿದೆ."
"ಹಂಗಾರ ಬ್ಯಾಟರಿ ಆರಸು.
ಅದಕ್ಕ ಕಣ್ಣ ಕುಕ್ಕತೈತಿ."