ಕೆಂಪು ದೀಪ

ಮೂರು ದಿನದಿಂದ ಇಳಿಜಾರು ಹುಡುಕಿ ಹುಡುಕಿ
ಲಾರಿ ನಿಲ್ಲಿಸುತ್ತಿದ್ದಾನಂತೆ ಫೊರ್ತುನಾತೊ.
ಬೆಳಿಗ್ಗೆ ತಳ್ಳದೆ ಏಳುವುದಿಲ್ಲ;
ಎದ್ದ ಮೇಲೆ ಹಳೇ ಡೀಸೆಲ್ಲಿಗೆ ಕರೆಂಟಿನ ಹಂಗಿಲ್ಲ,
ಉಯುನಿಯ ಉಪ್ಪು ಹೊತ್ತು ಚಲ್ಯಾಪಾಟದವರೆಗೂ
ಮಂಕು ದೀಪದಲ್ಲೇ ಬಂದಿದೆ.

ಎಂಜಿನ್ ಆರಿಸಲಿಲ್ಲ ಅವನು, ಹೆದರಿಕೆ.
"ಡೈನಮೋ ಹೋಗಿದೆ, ಎವರಿಸ್ತಾ" ಎಂದು
ಕಂಬಳಿಯಲ್ಲಿ ಸುತ್ತಿದ ಹೊಸದೊಂದನ್ನು
ಕೂಸಿನಂತೆ ಇಳಿಸಿದ.
ಎರಡು ಲಾಮಾ ಕೊಟ್ಟು ತಂದದ್ದು.

ತಡಿ ಅಂದೆ. ಬೆಲ್ಟು ಒತ್ತಿದೆ: ಬಿಗಿ.
ಬ್ಯಾಟರಿಯ ಹಸಿರು ಕಿಲುಬು ಕೆರೆದೆ.
ಮೀಟರಿನ ಮುಳ್ಳು ಇಪ್ಪತ್ನಾಲ್ಕು;
ಎಷ್ಟು ರೇಸು ಕೊಟ್ಟರೂ ಅದೇ ಇಪ್ಪತ್ನಾಲ್ಕು,
ಚಳಿಗೆ ಮರಗಟ್ಟಿದ ಬೆರಳಿನ ಹಾಗೆ.

"ಕೀಲಿ ತಿರುಗಿಸಿದಾಗ ಕೆಂಪು ದೀಪ ಹತ್ತುತ್ತಾ?"
"ಇಲ್ಲ, ವಾರವಾಯ್ತು. ಅದರ ಕಾಟ ತಪ್ಪಿತು ಅಂದುಕೊಂಡೆ."

ಆ ದೀಪದ ಎಳೆಯಲ್ಲೇ ಹಾಯಬೇಕು
ಡೈನಮೋವನ್ನು ಎಬ್ಬಿಸುವ ಮೊದಲ ಗುಟುಕು.

ಸ್ಪೀಡೋಮೀಟರಿನ ಬೆನ್ನಿಂದ ಬಲ್ಬು ಕಿತ್ತು
ಅಲ್ಲಿಟ್ಟೆ. ಕೆಂಪು
ಒಂದು ಉಸಿರಿನಷ್ಟು ಹೊತ್ತು ಹತ್ತಿ, ಆರಿತು.
ಮುಳ್ಳು ಇಪ್ಪತ್ತೆಂಟು.

ಹೆಡ್‌ಲೈಟು ಎದುರಿನ ಮಣ್ಣುಗೋಡೆಯನ್ನು ಬೆಳ್ಳಗೆ ಬಳಿಯಿತು.
ಅವನು ನಗಲಿಲ್ಲ.
ಹೊಸ ಡೈನಮೋವನ್ನು ಮತ್ತೆ ಕಂಬಳಿಯಲ್ಲಿ ಸುತ್ತುತ್ತಾ ಕೇಳಿದ:
"ಲಾಮಾ ವಾಪಸು ಕೊಡ್ತಾರಾ?"